ಭೀತಿಯ ಖರೀದಿಯೂ ತಿಪ್ಪೆಯ ಅನ್ನವೂ

ಅನ್ನವನ್ನು ದೇವರೆಂದು ಕಣ್ಣಿಗೊತ್ತಿಕೊಳ್ಳುವ ನಾಡು ನಮ್ಮದು. ಆದರೂ ಹೆಚ್ಚಿಗೆ ಕೊಂಡು, ಕೊಳೆಯಿಸಿ, ತಿಪ್ಪೆಗೆಸೆಯುವ ಅಭ್ಯಾಸವು ನಮ್ಮಲ್ಲಿ ಬೇರೂರಿದೆಯೆಂಬುದನ್ನು ಯಾರೂ ಅಲ್ಲಗಳೆಯಲಾರರು. ವಿಶ್ವಸಂಸ್ಥೆಯ ಪರಿಸರ ಕಾರ್ಯಕ್ರಮವು 2024ರಲ್ಲಿ ಪ್ರಕಟಿಸಿದ ಅಂದಾಜಿನಂತೆ, ಭಾರತದ ಮನೆಗಳಲ್ಲಿ ಸಿಪ್ಪೆ ನಾರುಗಳೂ ಸೇರಿ ತಲೆಗೆ ವರ್ಷಕ್ಕೆ 55 ಕಿಲೋಗ್ರಾಂ ಆಹಾರವು ಕಸವಾಗುತ್ತದೆ. ಇದಕ್ಕೆ ಗೃಹಿಣಿಯರ ಅಜಾಗ್ರತೆಯೇ ಕಾರಣವೆಂದು ಉಪದೇಶಿಸುವವರು ಬಹುಮಂದಿ. ಕೊರೋನಾ ಪಿಡುಗಿನ ದಿನಗಳನ್ನು ನೆನೆದರೆ ಆ ಮಾತು ಅರ್ಧಸತ್ಯವೆಂದು ತಿಳಿಯುವುದು.

2020ರ ಮಾರ್ಚ್ 24ರ ರಾತ್ರಿ 21 ದಿನಗಳ ಲಾಕ್‌ಡೌನ್ ಸಾರಲ್ಪಟ್ಟೊಡನೆ ದೇಶದಾದ್ಯಂತ ಜನರು ದಿನಸಿ ಅಂಗಡಿಗಳಿಗೆ ಧಾವಿಸಿದರು. ಬೆಂಗಳೂರಿನ ಕೃಷ್ಣರಾಜೇಂದ್ರ ಮಾರುಕಟ್ಟೆಯು ಬಾಗಿಲಿಕ್ಕಿತು. ಏಪ್ರಿಲ್‌ನಲ್ಲಿ ವಿಜಯನಗರಕ್ಕೆ ಸಮೀಪದ ಪಾದರಾಯನಪುರವನ್ನು ಮುಚ್ಚಲಾಯಿತು. ಮರುವರ್ಷ ಮೇ 10ರಿಂದ ಬಿಗಿಯಾದ ನಿರ್ಬಂಧ ಬಂದಾಗ ಅಂಗಡಿಗಳು ಬೆಳಗ್ಗೆ 6ರಿಂದ 10ರವರೆಗೆ ಮಾತ್ರ ತೆರೆದಿದ್ದುವು. ರಾಜಾಜಿನಗರದಿಂದ ಕೆಂಗೇರಿಯವರೆಗೆ ಎಲ್ಲರ ಖರೀದಿಯೂ ಆ ನಾಲ್ಕೇ ಗಂಟೆಗಳೊಳಗೆ ಮುಗಿಯಬೇಕಾಯಿತು. ನಾಳೆ ಸಿಕ್ಕೀತೋ ಇಲ್ಲವೋ ಎಂಬ ಶಂಕೆ ಹುಟ್ಟಿದ ಮೇಲೆ, ಒಂದು ಕಟ್ಟು ಸೊಪ್ಪು ಸಾಕಾದ ಮನೆಗೆ ಮೂರು ಕಟ್ಟು ಬರುವುದು ಸಹಜವೇ. ಅಕ್ಕಿ ಬೇಳೆಗಳು ಕಾದಿರಬಲ್ಲುವು. ಸೊಪ್ಪು, ಟೊಮೇಟೊಗಳು ಕಾಯಲಾರವು.

ಅದೇ ಕಾಲದಲ್ಲಿ ಕೋಲಾರ, ಚಿಕ್ಕಬಳ್ಳಾಪುರಗಳ ಕಡೆಯ ರೈತರು ಸಾಗಾಣಿಕೆಯಿಲ್ಲದೆ, ಕೊಳ್ಳುವವರಿಲ್ಲದೆ ಟೊಮೇಟೊ, ದ್ರಾಕ್ಷಿಗಳನ್ನು ಕಣ್ಣೆದುರೇ ಕಳೆದುಕೊಂಡರು. ಹೊಲದಲ್ಲಿ ಕೊಳೆತದ್ದಕ್ಕೂ ಅಡಿಗೆಮನೆಯಲ್ಲಿ ಕೊಳೆತದ್ದಕ್ಕೂ ಮೂಲವೊಂದೇ: ನಡುವಿನ ದಾರಿಯಲ್ಲಿ ಭರವಸೆಯಿಲ್ಲದೆ ಹೋದದ್ದು.

ಆದರೆ ಪೌರರೂ ಪೂರ್ಣ ನಿರ್ದೋಷಿಗಳಲ್ಲ. ಆ ಸಂಕಟದಲ್ಲಿ ಎಷ್ಟೋ ಮನೆಗಳು ಹೀರೇಕಾಯಿ ಸಿಪ್ಪೆಯ ಚಟ್ನಿಯನ್ನೂ ರಾತ್ರಿಯ ಅನ್ನದ ಚಿತ್ರಾನ್ನವನ್ನೂ ಪುನಃ ಕಲಿತುವು. ಭೀತಿ ತೊಲಗಿದೊಡನೆ ಆ ಮಿತವ್ಯಯವೂ ತೊಲಗಿತು. ಹೆದರಿಕೆಯಿಂದ ಬಂದ ಶಿಸ್ತಿಗೆ ಆಯುಸ್ಸು ಕಡಿಮೆ. ನಾವು ಎಸೆದುದಾದರೂ ಮಾಯವಾಗುವುದಿಲ್ಲ. ನಗರದ ಪಶ್ಚಿಮದಂಚಿನ ಕನ್ನಹಳ್ಳಿ, ಸೀಗೇಹಳ್ಳಿಗಳಲ್ಲಿ ಕಸದ ಘಟಕಗಳು ಸ್ಥಾಪಿತವಾದ ತರುವಾಯ ದುರ್ವಾಸನೆಯ ವಿರುದ್ಧ ಗ್ರಾಮಸ್ಥರು ಪ್ರತಿಭಟಿಸಬೇಕಾಯಿತು. ನಮ್ಮ ಅಜಾಗ್ರತೆಯ ದಂಡವನ್ನು ಅವರು ತೆರುವುದು ನ್ಯಾಯವೇ?

ಹೀಗಿರಲು ಪರಿಹಾರವೇನು? ನಿತ್ಯವೂ ಮನೆಯ ಬಾಗಿಲಿಗೆ ತರಕಾರಿಯ ತಳ್ಳುಗಾಡಿ ಬರುವುದೆಂಬ ನೆಚ್ಚಿಕೆಯಿದ್ದಲ್ಲಿ ವಾರದ ಸೊಪ್ಪನ್ನು ಯಾರೂ ಫ್ರಿಜ್ಜಿನಲ್ಲಿ ತುಂಬರು. ಸರಕಾರವೂ ಇದನ್ನರಿತೇ 2021ರ ಮೇ ಆರಂಭದಲ್ಲಿ ತಳ್ಳುಗಾಡಿಗಳಿಗೂ ಹಾಪ್‌ಕಾಮ್ಸ್ ಮಳಿಗೆಗಳಿಗೂ ಅಂಗಡಿಗಳಿಗಿಂತ ಹೆಚ್ಚಿನ ವೇಳೆಯನ್ನಿತ್ತಿತು. ಆಪತ್ತಿನಲ್ಲಿ ಬೇಕಾದವರು ಸುಭಿಕ್ಷದಲ್ಲಿ ಬೇಡವಾಗಬಾರದು. ಬೀದಿ ವ್ಯಾಪಾರಿಗಳಿಗೆ 2014ರ ಕಾಯಿದೆಯು ಕೊಟ್ಟ ರಕ್ಷಣೆಯನ್ನು, 2025ರಲ್ಲಿ ಅಸ್ತಿತ್ವಕ್ಕೆ ಬಂದ ಬೆಂಗಳೂರು ಪಶ್ಚಿಮ ನಗರ ಪಾಲಿಕೆಯು ಮನಃಪೂರ್ವಕವಾಗಿ ನಡೆಸಿಕೊಡಬೇಕು. ಮುಂದೆ ಎಂತಹ ಪಿಡುಗು ಬಂದರೂ ಖರೀದಿಯ ವೇಳೆಯನ್ನು ಕುಗ್ಗಿಸದೆ ಹಂಚಬೇಕು.

ಮಹಾಜನರಲ್ಲಿಯೂ ನಮ್ಮದೊಂದು ವಿಜ್ಞಾಪನೆ: ಎರಡು ದಿನಕ್ಕೆ ಬೇಕಾದಷ್ಟನ್ನೇ ಕೊಳ್ಳಿರಿ, ಕೊಂಡುದನ್ನು ಉಣ್ಣಿರಿ. ಭರವಸೆಯನ್ನು ಕೊಡುವುದು ಸರಕಾರದ ಧರ್ಮ. ಅದರಲ್ಲಿ ನೆಚ್ಚಿ ಮಿತವಾಗಿ ನಡೆಯುವುದು ಪೌರರ ಧರ್ಮ. ಎರಡರಲ್ಲಿ ಒಂದು ತಪ್ಪಿದರೂ ತಿಪ್ಪೆಯೇ ಬೆಳೆಯುವುದು.