ಸೊನ್ನೆ ಇಟ್ಟು ಬಾಯಿ ಮುಚ್ಚಿಸುವವರು

ನಮ್ಮ ಅಪ್ಪ ತಲಾಠಿ. ಧಾರವಾಡ ಜಿಲ್ಲೆ ಇನ್ನೂ ಒಡೆಯದೆ ಇದ್ದ ಕಾಲ. ಹಾನಗಲ್ಲಿನ ಗದ್ದೆ, ಶಿಗ್ಗಾಂವಿಯ ಎರೆಹೊಲ, ಸವಣೂರಿನ ಎಲೆಬಳ್ಳಿಯ ತೋಟ, ಕೊನೆಗೆ ಹಿರೇಕೆರೂರಿನ ಹತ್ತಿ ಎಂದು ನಾಲ್ಕು ತಾಲೂಕಿನ ಧೂಳನ್ನು ಒಂದೇ ಸೈಕಲ್ಲಿನ ಮೇಲೆ ತುಳಿದವರು. ಕ್ಯಾರಿಯರಿನಲ್ಲಿ ಕೆಂಪು ಬಟ್ಟೆಯ ದಫ್ತರ. ಹೊಲಕ್ಕೆ ಹೋಗಿ ಕಣ್ಣಾರೆ ನೋಡಿದರೆ ಪಹಣಿಯಲ್ಲಿ ಪೀಕಿನ ಹೆಸರು ಬರೆಯುವರು. ಹೋಗಲಾಗದಿದ್ದರೆ ಆ ಕಾಲಂ ಖಾಲಿ, ಪಕ್ಕದಲ್ಲಿ ಪೆನ್ಸಿಲಿನಿಂದ ಒಂದು ಚುಕ್ಕೆ. ಚುಕ್ಕೆ ಎಂದರೆ ಈ ಹೊಲ ನೋಡುವುದು ಬಾಕಿ ಇದೆ ಎಂದು.

ಒಂದು ವರ್ಷ ದಫ್ತರ ತಪಾಸಣೆಗೆ ಬಂದ ಸಾಹೇಬರಿಗೆ ಈ ಚುಕ್ಕೆಗಳು ಕಣ್ಣಿಗೆ ಚುಚ್ಚಿದವು. "ಒಂದ ಕಾಲಂ ಖಾಲಿ ಇರಬಾರದು. ಗೊತ್ತಿಲ್ಲದಿದ್ರ 'ಬೀಳು' ಅಂತ ಬರದ ಬಿಡ್ರಿ" ಎಂದರು. ನೌಕರಿ ಮಾಡುವವನು ಏನು ಮಾಡಬೇಕು? ಅಪ್ಪ ರಾತ್ರಿ ಕಂದೀಲಿನ ಮುಂದೆ ಕೂತು ಚುಕ್ಕೆಗಳನ್ನೆಲ್ಲ ರಬ್ಬರಿನಿಂದ ಅಳಿಸಿ 'ಬೀಳು' ಎಂದು ಬರೆದರು. ದಫ್ತರ ಚೊಕ್ಕವಾಯಿತು, ಷರಾ ಚೆನ್ನಾಗಿ ಬಂತು. ಆ ಹೊಲಗಳಲ್ಲಿ ಒಂದರಲ್ಲಿ ಜೋಳ ಎದೆಮಟ್ಟ ನಿಂತಿತ್ತು. ಮುಂದೆ ಮಳೆ ಕೈಕೊಟ್ಟು ಆ ಜೋಳ ಒಣಗಿತು. ಪರಿಹಾರದ ಯಾದಿ ಬಂದಾಗ ಅದರಲ್ಲಿ ಆ ರೈತನ ಹೆಸರಿಲ್ಲ. ಬೀಳು ಬಿಟ್ಟ ಹೊಲಕ್ಕೆ ಎಂಥ ಪರಿಹಾರ? ಆತ ನಮ್ಮ ಕಟ್ಟೆಯ ಮೇಲೆ ಬಂದು ಕೂತ. ಜಗಳವಾಡಲಿಲ್ಲ, ನೀರು ಕುಡಿದು ಎದ್ದು ಹೋದ. ನನಗಾಗ ಹತ್ತು ವರ್ಷ. ಅಪ್ಪ ಆ ರಾತ್ರಿ ಊಟ ಮಾಡಲಿಲ್ಲ ಎಂಬುದಷ್ಟೇ ನೆನಪು.

ಈಗ ಆ ಕೈಬರಹದ ಪಹಣಿ ಇಲ್ಲ. ಭೂಮಿ ಯೋಜನೆ ಬಂದು 2002ರ ಹೊತ್ತಿಗೆ ಎಲ್ಲವೂ ಕಂಪ್ಯೂಟರಿಗೆ ಏರಿತು. ತಲಾಠಿಯ ಮಗನಾದ ನಾನೂ ಕಂಪ್ಯೂಟರಿಗೇ ಏರಿದೆ. ನನ್ನ ಕಸುಬು ಡಿವೈಸ್ ಡ್ರೈವರ್ ಬರೆಯುವುದು. ಡ್ರೈವರ್ ಎಂದರೆ ಬಸ್ಸಿನವನಲ್ಲ. ಕಂಪ್ಯೂಟರಿಗೆ ಒಂದು ಪ್ರಿಂಟರನ್ನೋ ತಕ್ಕಡಿಯನ್ನೋ ಜೋಡಿಸಿದರೆ ಅವೆರಡರ ನಡುವೆ ದುಭಾಷಿಯಾಗಿ ನಿಲ್ಲುವ ಪ್ರೋಗ್ರಾಂ ಅದು. ಇಂಥವನ್ನು ಹೆಚ್ಚಾಗಿ ಬರೆಯುವುದು ಸಿ ಭಾಷೆಯಲ್ಲಿ. ಬರೆದದ್ದನ್ನು ಯಂತ್ರಕ್ಕೆ ತಿಳಿಯುವ ಹಾಗೆ ಮಾಡುವುದು ಕಂಪೈಲರ್ ಎಂಬ ಇನ್ನೊಂದು ಪ್ರೋಗ್ರಾಂ.

ಸಿ ಭಾಷೆಯಲ್ಲಿ ಒಂದು ಫಂಕ್ಷನ್ನಿನ ಒಳಗೆ ವೇರಿಯಬಲ್ ಒಂದನ್ನು ಹೆಸರಿಸಿದರೆ ಅದಕ್ಕೊಂದು ಖಾನೆ ಸಿಗುತ್ತದೆ. ಆದರೆ ಆ ಖಾನೆಯನ್ನು ಯಾರೂ ಗುಡಿಸಿರುವುದಿಲ್ಲ. ಜಾತ್ರೆಯ ಕಾಲದ ಧರ್ಮಶಾಲೆಯ ಕೋಣೆಯ ಹಾಗೆ: ಹಿಂದಿನವರು ಬಿಟ್ಟುಹೋದ ಬೀಡಿ ತುಂಡು, ಎಲೆಯ ಚೂರು ಎಲ್ಲ ಅಲ್ಲೇ. ನೀವಾಗಿ ಬೆಲೆ ತುಂಬುವ ಮೊದಲೇ ಓದಿದರೆ ಕೈಗೆ ಬರುವುದು ಹಿಂದಿನವರ ಎಂಜಲು. ಇದನ್ನು ಕಂಡುಹಿಡಿದು ಕಂಪೈಲರ್ ಎಚ್ಚರಿಸುತ್ತದೆ: ಅಯ್ಯಾ, ಈ ವೇರಿಯಬಲ್ಲಿಗೆ ಬೆಲೆ ಕೊಡದೆಯೇ ಓದುತ್ತಿದ್ದೀಯೆ ಎಂದು. ಅಪ್ಪನ ಪೆನ್ಸಿಲ್ ಚುಕ್ಕೆ ಅದೇ.

ಈ ಚುಕ್ಕೆಯನ್ನು ಅಳಿಸುವವರ ಮೇಲೆ ನನ್ನ ಸಿಟ್ಟು. ಎಚ್ಚರಿಕೆ ಬಂದ ಕೂಡಲೇ ನಮ್ಮವರು ಮಾಡುವ ಕೆಲಸ ಒಂದೇ. ವೇರಿಯಬಲ್ ಹೆಸರಿಸಿದ ಸಾಲಿಗೆ ಹೋಗಿ ಅದರ ಮುಂದೆ 'ಸಮ ಸೊನ್ನೆ' ಎಂದು ಬರೆಯುವುದು. ಎರಡು ಸೆಕೆಂಡಿನ ಕೆಲಸ. ಕಂಪೈಲರ್ ಸುಮ್ಮನಾಗುತ್ತದೆ, ಮ್ಯಾನೇಜರರ ಪಟ್ಟಿಯಲ್ಲಿ ಒಂದು ಅಂಕಿ ಕಡಿಮೆಯಾಗುತ್ತದೆ. ಇದಕ್ಕೆ ಅವರು ಇಟ್ಟ ಹೆಸರು 'ವಾರ್ನಿಂಗ್ ಫಿಕ್ಸ್'. ನಾಯಿ ಬೊಗಳಿತೆಂದು ಅದರ ಬಾಯಿ ಕಟ್ಟಿ ಕಳ್ಳನನ್ನು ಹಿಡಿದೆನೆಂದು ಊರಲ್ಲಿ ಹೇಳಿಕೊಂಡು ತಿರುಗಿದ ಹಾಗೆ.

ಇಷ್ಟು ಖಾರವಾಗಿ ಬರೆಯಲು ನನಗೆ ಹಕ್ಕಿದೆ, ಏಕೆಂದರೆ ಈ ಪಾಪವನ್ನು ನಾನೇ ಮಾಡಿದ್ದೇನೆ. ಕೆಲವು ವರ್ಷಗಳ ಹಿಂದೆ ನಾನಿದ್ದ ಕಂಪನಿ ಹಳ್ಳಿಗಳ ಹಾಲಿನ ಸಂಗ್ರಹ ಕೇಂದ್ರಗಳಿಗೆ ಒಂದು ಪೆಟ್ಟಿಗೆ ಮಾಡಿಕೊಡುತ್ತಿತ್ತು. ಎಲೆಕ್ಟ್ರಾನಿಕ್ ತಕ್ಕಡಿಯ ತಂತಿ ಪೆಟ್ಟಿಗೆಗೆ, ಪೆಟ್ಟಿಗೆಯಿಂದ ಚೀಟಿ ಹೊರಗೆ. ತಕ್ಕಡಿಯ ಡ್ರೈವರ್ ನನ್ನದು. ಮಾಲು ಹೊರಡುವ ವಾರ ಮೇಲಿನಿಂದ ಅಪ್ಪಣೆ ಬಂತು: ಒಂದೂ ವಾರ್ನಿಂಗ್ ಇರಕೂಡದು. ಒಟ್ಟು ಮೂವತ್ತೆಂಟಿದ್ದವು. ಊಟವಾದ ಮೇಲೆ ಕೂತು ಚಹಾದ ಹೊತ್ತಿಗೆ ಮೂವತ್ತೆಂಟೂ ಕಡೆ ಸೊನ್ನೆ ಇಟ್ಟು ಎದ್ದೆ. ಬೆನ್ನು ತಟ್ಟಿಸಿಕೊಂಡೆ.

ಆ ಪೆಟ್ಟಿಗೆಗಳಲ್ಲಿ ಒಂದು ಹಿರೇಕೆರೂರು ತಾಲೂಕಿನಲ್ಲಿ ನಮ್ಮ ಚಿಗವ್ವನ ಊರಿಗೆ ಹೋಯಿತು. ಇದು ನಾನು ಮಾಡಿದ್ದೆಂದು ಆಕೆಗೆ ಜಂಬದಿಂದ ಹೇಳಿದವನೂ ನಾನೇ. ಎರಡು ತಿಂಗಳಾದ ಮೇಲೆ ಫೋನು ಬಂತು.

"ಏನಪಾ ತಮ್ಮಾ, ನಿನ್ನ ಮಷೀನು ನನ್ನ ಎಮ್ಮಿ ಹಾಲು ಕುಡದೈತೇನು?"

"ಯಾಕ ಚಿಗವ್ವ, ಏನಾತು?"

"ಬಟವಾಡಿ ಚೀಟ್ಯಾಗ ಮೂರು ಹೊತ್ತು ಸೊನ್ನಿ ಬಂದೈತಿ. ಕೇಳಿದ್ರ, ಮಷೀನು ಸುಳ್ಳ ಹೇಳ್ತೈತೇನಬೇ, ನಿನ್ನ ಎಮ್ಮಿನ ಬತ್ತಿರಬೇಕು ಅಂತಾರ. ಎಲ್ಲಾರ ಮುಂದ ಅಂದ್ರು."

ಆದದ್ದು ಇಷ್ಟು. ಕರೆಂಟು ಹೋಗಿ ಬಂದಾಗ ತಕ್ಕಡಿ ಉತ್ತರ ಕೊಡುವುದು ತುಸು ತಡವಾಗುತ್ತಿತ್ತು. ನನ್ನ ಡ್ರೈವರ್ ಅಷ್ಟು ಹೊತ್ತು ಕಾಯದೆ, ತೂಕ ಬರಲಿಲ್ಲ ಎಂದು ಹೇಳಿ ವಾಪಸು ಬರುತ್ತಿತ್ತು. ಹಾಗೆ ಹೇಳಿದ್ದನ್ನು ಕರೆದ ಫಂಕ್ಷನ್ ಕೇಳಿಸಿಕೊಳ್ಳುತ್ತಲೇ ಇರಲಿಲ್ಲ. ನೇರವಾಗಿ ತೂಕದ ಖಾನೆಗೆ ಕೈ ಹಾಕುತ್ತಿತ್ತು. ಎರಡೂ ಫಂಕ್ಷನ್ ಒಂದೇ ಫೈಲಿನಲ್ಲಿದ್ದದ್ದರಿಂದ ಕಂಪೈಲರ್ ಒಳಹೊಕ್ಕು ನೋಡಿ, ಈ ದಾರಿಯಲ್ಲಿ ಬಂದರೆ ತೂಕಕ್ಕೆ ಬೆಲೆಯೇ ಇಲ್ಲವಲ್ಲ ಎಂದು ಹೇಳಿತ್ತು. ಮೂವತ್ತೆಂಟರಲ್ಲಿ ಒಂದು ಅದು. ನಾನು ಸೊನ್ನೆ ಇಟ್ಟೆ. ಚೀಟಿಯಲ್ಲಿ ಸೊನ್ನೆ ಬಂತು. ಹಾಲು ಅಷ್ಟರಲ್ಲಿ ದೊಡ್ಡ ಕ್ಯಾನಿಗೆ ಸುರಿದಾಗಿತ್ತು, ಇನ್ನೊಮ್ಮೆ ತೂಗುವುದೆಲ್ಲಿಂದ?

ಸೊನ್ನೆ ಇಡದಿದ್ದರೆ ಸರಿಯಾಗುತ್ತಿತ್ತೇ ಎಂದು ಕೇಳಬಹುದು. ಇಲ್ಲ. ಹಿಂದಿನವರ ಎಂಜಲು ಅಂಕಿ ಬರುತ್ತಿತ್ತು. ಒಬ್ಬರ ಹಾಲು ಇನ್ನೊಬ್ಬರ ಹೆಸರಿಗೆ ಬಿದ್ದಿದ್ದರೂ ಬೀಳಬಹುದಿತ್ತು. ಆದರೆ ಆ ಕಸ ಬಹಳ ಸಲ ಕಸದಂತೆಯೇ ಕಾಣುತ್ತದೆ. ಒಂದು ಎಮ್ಮೆ ಲಕ್ಷ ಲೀಟರು ಕೊಟ್ಟಿತೆಂದು ಚೀಟಿ ಬಂದರೆ ಇಡೀ ಊರು ನಕ್ಕು ಮಷೀನನ್ನು ವಾಪಸು ಕಳಿಸುತ್ತಿತ್ತು. ಸೊನ್ನೆ ಹಾಗಲ್ಲ. ಸೊನ್ನೆ ನೋಡಲು ಸಭ್ಯ, ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡಿರುತ್ತದೆ. ಅದನ್ನು ಕಂಡರೆ ಯಾರೂ ಮಷೀನನ್ನು ಅನುಮಾನಿಸುವುದಿಲ್ಲ, ಎಮ್ಮೆಯನ್ನು ಅನುಮಾನಿಸುತ್ತಾರೆ. ಇನ್ನೂ ಮುಂದೆ ಹೋಗಿ, ಎಮ್ಮೆ ಕಟ್ಟಿದ ಹೆಣ್ಣುಮಗಳನ್ನು.

ಚಿಗವ್ವನದು ಸಣ್ಣ ಲೆಕ್ಕ ಎನ್ನುವವರಿಗೆ ದೊಡ್ಡದನ್ನೇ ಹೇಳುತ್ತೇನೆ. 2006ರಲ್ಲಿ ಡೆಬಿಯನ್ ಎಂಬ ಲಿನಕ್ಸ್ ಬಳಗದಲ್ಲಿ ಓಪನ್ ಎಸ್‌ಎಸ್‌ಎಲ್ ಎಂಬ ಬೀಗದ ಕೈ ತಯಾರಿಸುವ ಪ್ರೋಗ್ರಾಮಿನ ಮೇಲೆ ಇಂಥದೇ ದೂರು ಬಂತು. ದೂರು ಕೊಟ್ಟದ್ದು ಕಂಪೈಲರ್ ಅಲ್ಲ, ವ್ಯಾಲ್‌ಗ್ರೈಂಡ್ ಮೊದಲಾದ ತಪಾಸಣೆಯ ಸಾಧನಗಳು; ಮಾತು ಅದೇ, ಬೆಲೆ ಕೊಡದ ಜಾಗ ಓದುತ್ತಿದ್ದೀರಿ ಎಂದು. ದೂರು ನಿಲ್ಲಿಸಲು ಎರಡು ಸಾಲು ತೆಗೆದುಹಾಕಿದರು. ಅದರಲ್ಲಿ ಒಂದು ಹೋದರೆ ನಷ್ಟವಿರಲಿಲ್ಲ. ಇನ್ನೊಂದು, ಬೀಗದ ಕೈಯನ್ನು ಯಾರೂ ಊಹಿಸದಂತೆ ಮಾಡುವ ಯಾದೃಚ್ಛಿಕ ಅಂಕಿಗಳನ್ನೆಲ್ಲ ಬೆರೆಸುತ್ತಿದ್ದ ಸಾಲು. ಅದು ಹೋದ ಮೇಲೆ ಉಳಿದದ್ದು ಪ್ರೋಸೆಸ್ಸಿನ ನಂಬರೊಂದೇ. ಊಹೆಗೆ ನಿಲುಕದಷ್ಟು ಕೀಲಿಗಳಿರಬೇಕಾದಲ್ಲಿ ಒಂದೊಂದು ಅಳತೆಯಲ್ಲೂ 32,768 ಮಾತ್ರ ಸಾಧ್ಯವಾದವು. ಕಳ್ಳನು ಒಂದೊಂದಾಗಿ ತಿರುಗಿಸಿ ನೋಡಬಹುದಾದಷ್ಟು. ಸದ್ದಿಲ್ಲದೆ ಒಂದೂವರೆ ವರ್ಷಕ್ಕೂ ಮೇಲೆ ನಡೆದು, 2008ರ ಮೇ ತಿಂಗಳಲ್ಲಿ ಲುಸಿಯಾನೊ ಬೆಲ್ಲೊ ಎಂಬವರು ಹಿಡಿದಾಗ ಜಗತ್ತಿನಾದ್ಯಂತ ಕೀಲಿಗಳನ್ನು ಹೊಸದಾಗಿ ಮಾಡಿಕೊಳ್ಳಬೇಕಾಯಿತು. ದೂರು ಕೊಟ್ಟವನ ಬಾಯಿ ಮುಚ್ಚಿಸಿದರು, ದೂರು ಏನೆಂದು ಪೂರ್ತಿ ಕೇಳಲಿಲ್ಲ.

ಇದಿರು ಪಕ್ಷದವರಿಗೂ ಒಂದು ಮಾತಿದೆ, ಅದನ್ನು ಮುಚ್ಚಿಡುವುದಿಲ್ಲ. ಕಂಪೈಲರ್ ಎಷ್ಟೋ ಸಲ ಸುಳ್ಳು ಕೂಗುತ್ತದೆ. 'ಬೆಲೆ ಇಲ್ಲದೆ ಇರಬಹುದು' ಎಂಬ ಅನುಮಾನದ ಎಚ್ಚರಿಕೆಯಂತೂ ಕುರುಡ ಕಲ್ಲೆಸೆದ ಹಾಗೆ. 2020ರ ಮೇ ತಿಂಗಳಲ್ಲಿ ಲಿನಸ್ ಟೊರ್ವಾಲ್ಡ್ಸ್ ಬೇಸತ್ತು ಲಿನಕ್ಸ್ ಕರ್ನಲ್‌ನ ಸಾಧಾರಣ ಕಟ್ಟುವಿಕೆಯಲ್ಲಿ ಆ ಅನುಮಾನದ ಎಚ್ಚರಿಕೆಯನ್ನು ಆರಿಸಿಯೇಬಿಟ್ಟರು. ಇದನ್ನು ನನ್ನ ಮುಖಕ್ಕೆ ಹಿಡಿಯುವವರು ಅದೇ ವರ್ಷದ ಇನ್ನೊಂದು ಸುದ್ದಿಯನ್ನು ಹೇಳುವುದಿಲ್ಲ. ಕರ್ನಲ್‌ನಲ್ಲಿ ಬಹಳ ವರ್ಷ ಒಂದು ಮಾಟವಿತ್ತು: ವೇರಿಯಬಲ್ಲನ್ನು ಅದಕ್ಕೇ ಸಮ ಎಂದು ಬರೆಯುವುದು, ಅಂದರೆ ಕಸವನ್ನು ಎತ್ತಿ ಅದೇ ಕಸದ ಮೇಲೆ ಹಾಕುವುದು. ಎಚ್ಚರಿಕೆಯ ಬಾಯಿ ಮುಚ್ಚಿಸುವುದಲ್ಲದೆ ಅದಕ್ಕೆ ಬೇರೆ ಉದ್ಯೋಗವಿಲ್ಲ. ನಿಜವಾದ ತಪ್ಪುಗಳನ್ನೂ ಅದು ಬಚ್ಚಿಡುತ್ತಿದೆ ಎಂದು ಕೀಸ್ ಕುಕ್ ಎಂಬವರು ಹಿಡಿದು ಕೂತು, ನೂರಾರು ಕಡೆಯಿಂದ ಕಿತ್ತು, ಕರ್ನಲ್ 5.9ರ ಹೊತ್ತಿಗೆ ಬುಡಸಮೇತ ತೆಗೆದರು. ಹುಸಿ ಕೂಗುವ ಕಾವಲುಗಾರನನ್ನು ರಾಜಾರೋಷವಾಗಿ ಮನೆಗೆ ಕಳಿಸುವುದು ಬೇರೆ. ಕೆಲಸದಲ್ಲಿ ಇಟ್ಟುಕೊಂಡು ಬಾಯಿಗೆ ಬಟ್ಟೆ ತುರುಕುವುದು ಬೇರೆ.

ಇನ್ನು ಕೆಲವರು, ಈಗ ಕಂಪೈಲರೇ ಎಲ್ಲ ಖಾನೆಗಳಿಗೂ ಸೊನ್ನೆ ತುಂಬಬಲ್ಲದು, ನಿಮ್ಮ ಗೋಳೇನು ಎನ್ನುತ್ತಾರೆ. ನಿಜ. 2022ರ ಜಿಸಿಸಿ 12ರಲ್ಲಿ ಆ ಸೌಲಭ್ಯ ಬಂತು, ಕರ್ನಲ್ ಅದನ್ನು ಬಳಸುತ್ತದೆ. ಹಿಂದಿನವರ ಗುಟ್ಟು ಮುಂದಿನವರ ಕೈಗೆ ಸಿಗದಿರಲೆಂದು ಹಾಕಿದ ಬೇಲಿ ಅದು, ಒಳ್ಳೆಯದೇ. ಆದರೆ ಹೀಗೆ ತಾನೇ ಸೊನ್ನೆ ತುಂಬಿದ ಖಾನೆಯ ಬಗ್ಗೆಯೂ ಜಿಸಿಸಿ ಎಚ್ಚರಿಕೆ ಕೊಡುವುದನ್ನು ನಿಲ್ಲಿಸುವುದಿಲ್ಲ. ತಾನಿಟ್ಟ ಸೊನ್ನೆ ಉತ್ತರವಲ್ಲ ಎಂದು ಕಂಪೈಲರಿಗೇ ತಿಳಿದಿದೆ, ನಮಗೆ ತಿಳಿದಿಲ್ಲ!

ಸೊನ್ನೆಯನ್ನೇ ನಾನು ದ್ವೇಷಿಸುತ್ತೇನೆಂದಲ್ಲ. ಹಾನಗಲ್ಲಿನಲ್ಲಿ ನಮ್ಮಜ್ಜ ಭತ್ತ ಅಳೆಯುವುದನ್ನು ನೋಡಿದ್ದೇನೆ. ಮೊದಲು ಸೇರನ್ನು ಬೋರಲು ಹಾಕಿ ಬುಡಕ್ಕೆ ಎರಡು ಸಲ ತಟ್ಟುವರು, ಒಳಗೆ ಹಿಂದಿನ ಕಾಳು ಉಳಿಯಬಾರದು. ಆಮೇಲೆ ತುಂಬಿ ಸುರಿಯುತ್ತ, ಒಂದು ಎನ್ನದೆ 'ಲಾಭ' ಎಂದು ಎಣಿಕೆ ಶುರು. ಕೂಡುವ ಲೆಕ್ಕಕ್ಕೆ ಸೊನ್ನೆಯಿಂದ ಹೊರಡುವುದು ನ್ಯಾಯ. ಅಲ್ಲಿ ಸೊನ್ನೆಗೆ ಅರ್ಥವಿದೆ. ಆದರೆ ಖಾಲಿ ಸೇರನ್ನು ಮುಂದೆ ಹಿಡಿದು ಯಾರೂ 'ಲಾಭ' ಎನ್ನಲಿಲ್ಲ. ಅಳೆದದ್ದಕ್ಕೂ ಅಳೆಯದೆ ಬಿಟ್ಟದ್ದಕ್ಕೂ ಒಂದೇ ಗುರುತು ಹಾಕುವುದೇ ನಾನು ಹೇಳುತ್ತಿರುವ ಅನ್ಯಾಯ.

ಇನ್ನೊಂದು ಕೇಡು ನಿಧಾನದ್ದು. ಹೆಸರಿಸುವಾಗಲೇ ಸೊನ್ನೆ ಇಟ್ಟ ವೇರಿಯಬಲ್ಲಿನ ಮೇಲೆ ಕಂಪೈಲರ್ ಮತ್ತೆಂದೂ ಈ ಎಚ್ಚರಿಕೆ ಕೊಡಲಾರದು. ಇವತ್ತು ಅದು ಹುಸಿ ಕೂಗೇ ಆಗಿದ್ದಿರಬಹುದು. ಐದು ವರ್ಷದ ಮೇಲೆ ಯಾವನೋ ಬಂದು ಹೊಸದೊಂದು ದಾರಿ ಸೇರಿಸಿ ಬೆಲೆ ತುಂಬಲು ಮರೆತರೆ ಅವನಿಗೆ ಹೇಳುವವರು ಯಾರೂ ಇರುವುದಿಲ್ಲ. ಆ ಸೊನ್ನೆ ಇಟ್ಟವನು ಅಷ್ಟರಲ್ಲಿ ಬೇರೆ ಕಂಪನಿಯಲ್ಲಿ ಸಂಬಳ ಹೆಚ್ಚಿಸಿಕೊಂಡು ಕೂತಿರುತ್ತಾನೆ.

ಸರಿಯಾದ ದಾರಿ ಗೊತ್ತಿಲ್ಲದ್ದೇನಲ್ಲ, ಬರೀ ಬೇಸರದ್ದು. ಬೆಲೆ ಬಾರದ ದಾರಿ ಯಾವುದೆಂದು ಬೆರಳಿಟ್ಟು ಹುಡುಕಬೇಕು. ತಕ್ಕಡಿ ಉತ್ತರಿಸಲಿಲ್ಲವೆಂದರೆ ಆ ಮಾತನ್ನು ಮೇಲಿನವರೆಗೆ ಮುಟ್ಟಿಸಬೇಕು. ಕೂಗು ಹುಸಿಯೆಂದು ಖಾತ್ರಿಯಾದರೆ ಕಂಪೈಲರಿಗೂ, ಮುಂದೆ ಓದುವ ಮನುಷ್ಯನಿಗೂ ಅದು ಹುಸಿಯೆಂದು ಕಾಣುವ ಹಾಗೆ ಕೋಡನ್ನು ತಿದ್ದಬೇಕು. ಒಂದಕ್ಕೆ ಅರ್ಧ ದಿನ ಹಿಡಿದೀತು. ಮೂವತ್ತೆಂಟನ್ನೂ ನಾನು ಆಮೇಲೆ ಹೀಗೆ ಮತ್ತೆ ನೋಡಿದೆ, ಮೂರು ವಾರ ಹಿಡಿಯಿತು. ಮೂವತ್ತೊಂದು ಹುಸಿ. ಏಳು ನಿಜ. ಏಳರಲ್ಲಿ ಒಂದು ಚಿಗವ್ವನದು.

ಈಗ ಆ ಕೇಂದ್ರದಲ್ಲಿ ತಕ್ಕಡಿ ತಡಮಾಡಿದರೆ ಪೆಟ್ಟಿಗೆ ಚೀಟಿ ಕೊಡುವುದಿಲ್ಲ. 'ತೂಕ ಬಂದಿಲ್ಲ, ಹಾಲು ಸುರಿಯಬೇಡಿ' ಎಂದು ಕಿರುಚುತ್ತದೆ. ಪಾಳಿ ಉದ್ದವಾಗುತ್ತದೆಂದು ಊರವರು ಬೈಯುತ್ತಾರಂತೆ. ಆ ಮೂರು ಹೊತ್ತಿನ ಹಾಲಿನ ದುಡ್ಡು ಚಿಗವ್ವನಿಗೆ ಇನ್ನೂ ಬಂದಿಲ್ಲ. ಕೊಡಲು ಹೋದರೆ ನನ್ನ ಕೈಯಿಂದ ಆಕೆ ಇಸಿದುಕೊಳ್ಳಲಿಲ್ಲ. "ನಿನ್ನ ರೊಕ್ಕ ಯಾರಿಗೆ ಬೇಕೋ, ಎಮ್ಮಿ ಬತ್ತಿಲ್ಲಂತ ಅಲ್ಲಿ ಬಂದು ಹೇಳು" ಎಂದಳು. ಹೋಗಿ ಹೇಳಿ ಬಂದೆ.

ಹೋದ ವಾರ ನಮ್ಮ ಆಫೀಸಿನಲ್ಲಿ ಹೊಸದಾಗಿ ಸೇರಿದ ಹುಡುಗನೊಬ್ಬ ಹನ್ನೊಂದು ವಾರ್ನಿಂಗ್ ತೆಗೆದಿದ್ದೇನೆ ಸರ್ ಎಂದು ಕೋಡು ಕಳಿಸಿದ. ತೆರೆದು ನೋಡಿದೆ: ಹನ್ನೊಂದು ಸೊನ್ನೆ. ವಾಪಸು ಕಳಿಸಿದ್ದೇನೆ. ಹುಡುಗ ನನ್ನ ಮೇಲೆ ಮುನಿಸಿಕೊಂಡಿದ್ದಾನೆ, ಮ್ಯಾನೇಜರರೂ.