ಸೆಕೆಂಡಿನ ತಕ್ಕಡಿಯಲ್ಲಿ ದೇಹ

ಹಳ್ಳಿಯ ದನದ ಜಾತ್ರೆಯಲ್ಲಿ ಎತ್ತು ಕೊಳ್ಳುವವನು ಹಲ್ಲು ಎಣಿಸುತ್ತಾನೆ, ಸುಳಿ ನೋಡುತ್ತಾನೆ, ನಾಲ್ಕು ಹೆಜ್ಜೆ ನಡೆಸಿ ಕಾಲಿನ ಕಸುವು ಅರಿಯುತ್ತಾನೆ. ಅಮೆರಿಕದ ಇಂಡಿಯಾನಾಪೊಲಿಸ್ ನಗರದಲ್ಲಿ 1987ರಿಂದ ನಡೆದುಬಂದಿರುವ ಎನ್‌ಎಫ್‌ಎಲ್ ಕಂಬೈನ್ ಇದಕ್ಕಿಂತ ಬಹಳ ಭಿನ್ನವಲ್ಲ. ಮುನ್ನೂರಕ್ಕೂ ಹೆಚ್ಚು ಯುವ ಫುಟ್‌ಬಾಲ್ ಆಟಗಾರರು ಅಲ್ಲಿ 40 ಗಜ ಓಡುತ್ತಾರೆ, ಮೂರು ಶಂಕುಗಳ ಸುತ್ತ ತಿರುಗುತ್ತಾರೆ, 225 ಪೌಂಡ್ ಭಾರವನ್ನು ಎದೆಯ ಮೇಲಿಂದ ಎತ್ತುತ್ತಾರೆ. ಅವರ ತೋಳಿನ ಉದ್ದ, ಅಂಗೈಯ ಅಗಲ ದಾಖಲಾಗುತ್ತವೆ. ವೈದ್ಯಕೀಯ ತಪಾಸಣೆಯ ವಿವರಗಳು 32 ತಂಡಗಳ ಕೈಸೇರುತ್ತವೆ. ಟೀವಿ ಇದೆಲ್ಲವನ್ನೂ ಮಾರಿಕೊಳ್ಳುತ್ತದೆ. ಓಡಿದವನಿಗೆ ಮಾತ್ರ ಕೂಲಿಯಿಲ್ಲ.

ಇದಕ್ಕೆ ಕೊಡುವ ಸಮರ್ಥನೆ ವಿಜ್ಞಾನದ್ದು. ಆದರೆ ವಿಜ್ಞಾನವೇ ಅದರ ಪರವಾಗಿ ನಿಲ್ಲುವುದಿಲ್ಲ. ಕುಜ್‌ಮಿಟ್ಸ್ ಮತ್ತು ಆಡಮ್ಸ್ 2008ರಲ್ಲಿ ಪ್ರಕಟಿಸಿದ ಅಧ್ಯಯನವು ಈ ಪರೀಕ್ಷೆಗಳಿಗೂ ಮುಂದಿನ ವೃತ್ತಿಜೀವನದ ಸಾಧನೆಗೂ ಸ್ಥಿರವಾದ ಸಂಬಂಧವನ್ನು ಕಾಣಲಿಲ್ಲ; ಚೆಂಡು ಹಿಡಿದು ನುಗ್ಗುವ ರನ್ನಿಂಗ್ ಬ್ಯಾಕ್‌ಗಳ ಓಟವೊಂದೇ ಮುಖ್ಯ ಅಪವಾದ. 2000ದಲ್ಲಿ 5.28 ಸೆಕೆಂಡಿನಲ್ಲಿ ಓಡಿದ ಟಾಮ್ ಬ್ರೇಡಿ 199ನೆಯವನಾಗಿ ಆಯ್ಕೆಯಾಗಿ ಏಳು ಸೂಪರ್ ಬೌಲ್ ಗೆದ್ದರು. 2017ರಲ್ಲಿ 4.22 ಸೆಕೆಂಡಿನ ದಾಖಲೆ ಬರೆದ ಜಾನ್ ರಾಸ್ ಒಂಬತ್ತನೆಯವನಾಗಿ ಆಯ್ಕೆಯಾದರೂ ಆಟದಲ್ಲಿ ನೆಲೆಯೂರಲಿಲ್ಲ. ಎದುರಾಳಿಯನ್ನು ತಡೆಯುವುದೇ ಕಸುಬಾದ ಲೈನ್‌ಮನ್ ಪಂದ್ಯದಲ್ಲಿ ನೇರವಾಗಿ 40 ಗಜ ಓಡುವ ಸಂದರ್ಭವೇ ಅಪರೂಪ. ಆದರೂ ಅವನನ್ನೂ ಓಡಿಸಲಾಗುತ್ತದೆ.

ಗಡಿಯಾರಕ್ಕೆ ಬಣ್ಣವಿಲ್ಲ, ಕುಲವಿಲ್ಲ. ಯಾರಿಗೂ ಗೊತ್ತಿಲ್ಲದ ಸಣ್ಣ ಕಾಲೇಜಿನ ಹುಡುಗನಿಗೂ ಅದು ಅವಕಾಶ ಕೊಡುತ್ತದೆ ಎನ್ನುವವರಿದ್ದಾರೆ. ಈ ಮಾತನ್ನು ಹಗುರವಾಗಿ ತಳ್ಳಿಹಾಕಬಾರದು. ಅಂಥ ಕೆಲವರಿಗೆ ಬಾಗಿಲು ತೆರೆದದ್ದು ನಿಜ. ಆದರೆ ಗಡಿಯಾರವನ್ನು ಹಿಡಿದ ಕೈಗೆ ಹಿತಾಸಕ್ತಿಯಿದೆ. 40 ಗಜದ ಓಟವನ್ನು ವಾರಗಟ್ಟಲೆ ಕಲಿಸುವ ಖಾಸಗಿ ತರಬೇತಿಯೇ ಒಂದು ಉದ್ಯಮವಾಗಿ ಬೆಳೆದಿರುವಾಗ, ದಾಖಲಾಗುವ ಸೆಕೆಂಡಿನಲ್ಲಿ ಕಾಲಿನ ಬಲದೊಂದಿಗೆ ಹಣದ ಬಲವೂ ಸೇರಿರುತ್ತದೆ.

ಅಳತೆಯ ಹಿಂದಿನ ಪೂರ್ವಗ್ರಹ ಎಷ್ಟು ಕ್ರೂರವಾಗಬಲ್ಲದೆಂಬುದಕ್ಕೆ ಇದೇ ಲೀಗ್ ಸಾಕ್ಷಿ ಒದಗಿಸಿದೆ. ತಲೆಗೆ ಬಿದ್ದ ಪೆಟ್ಟುಗಳಿಂದ ಮಿದುಳು ಘಾಸಿಗೊಂಡ ಮಾಜಿ ಆಟಗಾರರ ಪರಿಹಾರವನ್ನು ನಿರ್ಧರಿಸುವಾಗ, ಕಪ್ಪು ಜನರ ಬೌದ್ಧಿಕ ಸಾಮರ್ಥ್ಯ ಮೊದಲೇ ಕಡಿಮೆಯೆಂದು ಭಾವಿಸುವ ಮಾನದಂಡವನ್ನು ಬಳಸಲಾಗುತ್ತಿತ್ತು. ಹಾಗಾಗಿ ತಮಗಾದ ನಷ್ಟವನ್ನು ಸಾಬೀತುಪಡಿಸುವುದು ಅವರಿಗೆ ಹೆಚ್ಚು ಕಷ್ಟವಾಗಿತ್ತು. ಇಬ್ಬರು ಮಾಜಿ ಆಟಗಾರರು 2020ರಲ್ಲಿ ನ್ಯಾಯಾಲಯದ ಮೆಟ್ಟಿಲೇರಿದ ಮೇಲೆ, 2021ರಲ್ಲಿ ಲೀಗ್ ಆ ಪದ್ಧತಿಯನ್ನು ಕೈಬಿಡುವುದಾಗಿ ಒಪ್ಪಿತು. ಕಪ್ಪು ದೇಹವನ್ನು ಕೊಳ್ಳುವಾಗ ಅದರ ವೇಗಕ್ಕೆ ಬೆಲೆ. ಮುರಿದಾಗ ಅದರ ಬುದ್ಧಿಯ ಮೇಲೆ ಅನುಮಾನ.

ಇದು ಪರದೇಶದ ಪಾಪವೆಂದು ಅನಿವಾಸಿ ಕನ್ನಡಿಗರು ನಿಟ್ಟುಸಿರಿಟ್ಟು ಸುಮ್ಮನಾಗುವಂತಿಲ್ಲ. 1980ರ ದಶಕದ ಕೊನೆಯಲ್ಲಿ ಭಾರತೀಯ ಕ್ರೀಡಾ ಪ್ರಾಧಿಕಾರವು ಉತ್ತರ ಕನ್ನಡದ ಕಾಡಂಚಿನ ಸಿದ್ದಿ ಮಕ್ಕಳನ್ನು ಹುಡುಕಿ ಓಡಿಸಿತು. ಆಫ್ರಿಕಾ ಮೂಲದವರು, ಆದ್ದರಿಂದ ಹುಟ್ಟು ಓಟಗಾರರು ಎಂಬುದೇ ಆಯ್ಕೆಯ ಹಿಂದಿದ್ದ ತರ್ಕ. ದೇಶಕ್ಕೆ ಪದಕ ಬೇಕಿತ್ತು. ಶತಮಾನಗಳಿಂದ ಈ ನೆಲದಲ್ಲಿ ದುಡಿದ ಸಮುದಾಯದ ಭೂಮಿ, ಶಾಲೆ, ಘನತೆಗಳ ಪ್ರಶ್ನೆ ಬೇಕಿರಲಿಲ್ಲ. 1990ರ ದಶಕದ ಮೊದಲ ವರ್ಷಗಳಲ್ಲಿ ಯೋಜನೆ ನಿಂತಿತು. ಕೆಲವರಿಗೆ ಕ್ರೀಡಾ ಕೋಟಾದ ನೌಕರಿ ದಕ್ಕಿತು. ಅನೇಕರು ಬಂದ ದಾರಿಯಲ್ಲೇ ಹಿಂದಿರುಗಿದರು. ಸಿದ್ದಿಗಳಿಗೆ ಪರಿಶಿಷ್ಟ ಪಂಗಡದ ಮಾನ್ಯತೆ ದೊರೆತದ್ದು 2003ರಲ್ಲಿ. ಪ್ರಭುತ್ವಕ್ಕೆ ಅವರ ಕಾಲು ಮೊದಲು ಕಂಡಿತು, ಹಕ್ಕು ಕಾಣಲು ವರ್ಷಗಳೇ ಹಿಡಿದವು.

ಅಳೆಯುವುದೇ ತಪ್ಪೆಂದು ಯಾರೂ ಹೇಳಬೇಕಿಲ್ಲ. ಯಾರು, ಯಾರಿಗಾಗಿ, ಯಾವ ಷರತ್ತಿನ ಮೇಲೆ ಅಳೆಯುತ್ತಾರೆ ಎಂಬುದೇ ಪ್ರಶ್ನೆ. ಪರೀಕ್ಷೆಯೂ ದುಡಿಮೆಯೇ, ಅದಕ್ಕೆ ಕೂಲಿ ಸಲ್ಲಬೇಕು. ವೈದ್ಯಕೀಯ ಮಾಹಿತಿಯ ಒಡೆತನ ಆಟಗಾರನದಾಗಬೇಕು. ಲೀಗ್ ಸೇರುವ ಮೊದಲೇ ಅವನಿಗೆ ಕಾರ್ಮಿಕ ಸಂಘದ ರಕ್ಷಣೆ ಸಿಗಬೇಕು. ಈ ಮೂರನ್ನೂ ಒಪ್ಪದ ಕಂಬೈನ್ ಮುಚ್ಚಿದರೆ ಆಟಕ್ಕೆ ನಷ್ಟವಿಲ್ಲ. ನಷ್ಟವಾಗುವುದು ಸಂತೆಗೆ ಮಾತ್ರ.