ಪಾವಿತ್ರ್ಯವೂ ಕಸುಬೂ

ಪಾವಿತ್ರ್ಯವು ಪಾದ್ರಿಗಳಿಗೂ ಸಂನ್ಯಾಸಿನಿಯರಿಗೂ ಮೀಸಲೆಂದು ನಮ್ಮ ಕ್ರೈಸ್ತ ಬಂಧುಗಳಲ್ಲಿ ಅನೇಕರು ಭಾವಿಸಿರುವಂತಿದೆ. ಅದು ಸಕಲ ವಿಶ್ವಾಸಿಗಳಿಗೂ ಬಂದ ಕರೆಯೆಂದು, ಅವರವರ ಕಸುಬಿನಲ್ಲಿಯೇ ಸಾಧಿಸತಕ್ಕದ್ದೆಂದು ಎರಡನೆಯ ವ್ಯಾಟಿಕನ್ ಮಹಾಸಭೆಯು 1964ರಲ್ಲಿಯೇ ಸಾರಿತು.

ಈ ಮಾತಿನ ಬೆಲೆಯನ್ನು ಕಲ್ಕತ್ತೆಯ ಗಾರ್ಡನ್ ರೀಚಿನಲ್ಲಿ ಕಾಣಬಹುದು. 2024ರ ಮಾರ್ಚ್ 17ರ ನಡುರಾತ್ರಿ, ಪರವಾನಗಿಯಿಲ್ಲದೆ ಏಳುತ್ತಿದ್ದ ಐದಂತಸ್ತಿನ ಕಟ್ಟಡವೊಂದು ಪಕ್ಕದ ಗುಡಿಸಲುಗಳ ಮೇಲೆ ಕುಸಿದು ಹತ್ತಕ್ಕೂ ಹೆಚ್ಚು ಮಂದಿ ಮಡಿದರು. ಅಂದು ಭಾನುವಾರ, ಕ್ರೈಸ್ತರಿಗೆ ತಪಸ್ಸು ಕಾಲ, ಮುಸಲ್ಮಾನರಿಗೆ ರಂಜಾನ್. ನಗರದಲ್ಲಿ ಪ್ರಾರ್ಥನೆಗೇನೂ ಕೊರತೆಯಿರಲಿಲ್ಲ. ಆದರೆ ಅಂತಹ ಕಟ್ಟಡ ಒಬ್ಬನಿಂದಲೇ ಏಳುವುದಿಲ್ಲ. ಇಟ್ಟಿಗೆ ಮಾರುವವನು, ಲೆಕ್ಕ ಬರೆಯುವವನು, ಕಂಡೂ ಕಾಣದಂತಿರುವ ಗುಮಾಸ್ತ, ಎಲ್ಲರ ಕೈಯೂ ಬೇಕು. (ಗುಮಾಸ್ತನೆಂದೊಡನೆ ವಾಚಕರಲ್ಲಿ ಕೆಲವರು ಹುಬ್ಬು ಗಂಟಿಕ್ಕಬಹುದು.)

ಹದಿನೇಳನೆಯ ಶತಮಾನದಲ್ಲಿ ಪ್ಯಾರಿಸಿನ ಮಠವೊಂದರಲ್ಲಿ ಅಡಿಗೆ ಮಾಡುತ್ತಿದ್ದ ಬ್ರದರ್ ಲಾರೆನ್ಸ್ ಆ ಗದ್ದಲದಲ್ಲಿಯೇ ದೇವರ ಸನ್ನಿಧಿಯನ್ನು ಕಂಡರು. ನಮ್ಮ ಹೋಟೆಲ್ ತರುಣನ ಕಷ್ಟ ಇನ್ನೂ ದೊಡ್ಡದು, ಅವನಿಗೆ ಯಜಮಾನರಿದ್ದಾರೆ. ಹಳಸಿದ ಸಾಂಬಾರನ್ನು ಕುದಿಸಿ ಬಡಿಸೆಂದು ಅವರು ಹೇಳಿದಾಗ ಒಲ್ಲೆನೆಂದರೆ ಕೆಲಸ ಹೋದೀತು. ಹಾಗೆ ಕೆಲಸ ಕಳೆದುಕೊಂಡವನಿಗೆ ಮರುದಿನ ಊಟವಿಕ್ಕುವವರಾರು? ಪಾವಿತ್ರ್ಯವನ್ನು ಬೋಧಿಸುವ ಸಭೆಗಳೇ ಮೊದಲು ಇದಕ್ಕೆ ಉತ್ತರ ಹೇಳಲಿ.